ಪದ ಪರಿಚಯ: ಸರ್ವರ್ ಸಂರಚನೆಯ ಎಚ್ಚರಿಕೆ

ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಮೊದಲಾದ ತಂತ್ರಾಂಶಗಳಲ್ಲಿ ಜಾಲತಾಣ ನಡೆಸುವವರಿಗೆ, ಪಿಎಚ್‌ಪಿ (ಈ ತಂತ್ರಾಂಶಗಳನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಆವೃತ್ತಿ ಹಳೆಯದಾಗಿದೆ, ಮೆಮೊರಿ ಮಿತಿ ಸಾಲದು, ಇಂಥದೊಂದು ಮಾಡ್ಯೂಲ್ (ಹೆಚ್ಚುವರಿ ಸೌಲಭ್ಯ ಕೊಡುವ ಭಾಗ) ಇಲ್ಲ ಎಂಬ ಸಂದೇಶಗಳು ನಿರ್ವಹಣಾ ಪುಟದಲ್ಲಿ ಆಗಾಗ ಕಾಣಿಸುತ್ತವೆ. ಇವೇ ಸರ್ವರ್ ಸಂರಚನೆಯ ಎಚ್ಚರಿಕೆಗಳು. ಸಂರಚನೆ ಎಂದರೆ ದಿನಬಳಕೆಯ ಮಾತಿನಲ್ಲಿ ಸೆಟ್ಟಿಂಗ್. ನಾವು ಬರೆದ ಲೇಖನದಲ್ಲಾಗಲಿ ಹಾಕಿದ ಚಿತ್ರದಲ್ಲಾಗಲಿ ತಪ್ಪಿದೆಯೆಂದು ಈ ಸಂದೇಶ ಹೇಳುತ್ತಿಲ್ಲ; ತಾಣ ನಿಂತಿರುವ ಯಂತ್ರದ ಏರ್ಪಾಡಿನಲ್ಲಿ ಕೊರತೆಯಿದೆ ಎನ್ನುತ್ತಿದೆ.

ಎಚ್ಚರಿಕೆಗೂ ದೋಷಕ್ಕೂ ಇರುವ ಅಂತರವನ್ನು ಮೊದಲು ಗುರುತಿಸಬೇಕು. ಪಿಎಚ್‌ಪಿಯಲ್ಲಿ ಮಾರಕ ದೋಷ ಎದುರಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಚ್ಚರಿಕೆ ಬಂದರೆ ಕೆಲಸ ಮುಂದುವರಿಯುತ್ತದೆ. ತಾಣ ತೆರೆಯುತ್ತಿದೆಯಲ್ಲ ಎಂದು ಸುಮ್ಮನಾಗುವುದಕ್ಕೆ ಇದೇ ಕಾರಣ, ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಕಷ್ಟಕ್ಕೆ ಸಿಲುಕುವುದಕ್ಕೂ ಇದೇ ಕಾರಣ.

ದಾವಣಗೆರೆ ಸೀಮೆಯವರಿಗೆ ಭದ್ರಾ ನಾಲೆಯ ವಿಷಯ ಹೊಸದಲ್ಲ. ನಾಲೆಯ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದು ಮೇಲಿನ ತೂಬುಗಳು ಎಷ್ಟು ತೆರೆದಿವೆ ಎಂಬುದರ ಮೇಲೆ. ಗದ್ದೆಯ ಬದುವನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಮೇಲೆ ಬಿಡದ ನೀರು ಕೆಳಗೆ ಬಾರದು. ಹೋಸ್ಟಿಂಗ್ ಸೇವೆಯನ್ನು, ಎಂದರೆ ಬೇರೆಯವರ ಸರ್ವರಿನಲ್ಲಿ ಜಾಗವನ್ನು, ಬಾಡಿಗೆಗೆ ಪಡೆದು ತಾಣ ನಡೆಸುವವರ ಸ್ಥಿತಿಯೂ ಕೊನೆಭಾಗದ ರೈತರದೇ. ಸಂದೇಶ ಕಾಣಿಸುವುದು ನಮ್ಮ ಪರದೆಯಲ್ಲಿ, ತೂಬು ಇರುವುದು ಬೇರೆಯವರ ಕೈಯಲ್ಲಿ. ಆದ್ದರಿಂದ ಎಚ್ಚರಿಕೆಯನ್ನು ಓದುವಾಗ ಯಾವ ತೂಬು, ಅದು ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ದಾವಣಗೆರೆಯ ಸಣ್ಣ ಸಂಘವೊಂದರ ತಾಣವನ್ನು ನಾನು ನೋಡಿಕೊಳ್ಳುತ್ತಿದ್ದಾಗ, ಕಾರ್ಯದರ್ಶಿಯವರು ಸ್ಕ್ಯಾನ್ ಮಾಡಿಸಿದ ವಾರ್ಷಿಕ ವರದಿಯನ್ನು ಏರಿಸಲು ಹೊರಟರೆ ಪ್ರತಿ ಸಲವೂ ಫಾರಂ ಖಾಲಿಯಾಗಿ ಮರಳುತ್ತಿತ್ತು. ಪುಟದಲ್ಲಿ ಯಾವ ಕಾರಣವೂ ಕಾಣುತ್ತಿರಲಿಲ್ಲ. ಸರ್ವರ್ ತನ್ನ ಆಗುಹೋಗುಗಳನ್ನು ಬರೆದಿಡುವ ಲಾಗ್ ಕಡತವನ್ನು ತೆರೆದಾಗ, ಕಳುಹಿಸಿದ ಮಾಹಿತಿಯು 8388608 ಬೈಟ್‌ಗಳ ಮಿತಿಯನ್ನು ಮೀರಿದೆ ಎಂಬ ಒಂದೇ ಸಾಲು ಸಾಲುಸಾಲಾಗಿ ಬಿದ್ದಿತ್ತು. ಆ ಅಂಕಿಯೆಂದರೆ ಸರಿಯಾಗಿ 8 ಎಂಬಿ. ಪಿಎಚ್‌ಪಿಯಲ್ಲಿ ಒಂದು ಕಡತದ ಗಾತ್ರಕ್ಕೆ 2 ಎಂಬಿ, ಒಂದು ಸಲ ಕಳುಹಿಸುವ ಒಟ್ಟು ಫಾರಮಿಗೆ 8 ಎಂಬಿ, ಮೆಮೊರಿಗೆ 128 ಎಂಬಿ ಎಂಬವು ಮೂಲದಲ್ಲೇ ಇರುವ ಮಿತಿಗಳು. ಮೊದಲನೆಯದನ್ನು ಮಾತ್ರ ಯಾರೋ 32ಕ್ಕೆ ಏರಿಸಿ ಎರಡನೆಯದನ್ನು ಹಾಗೆಯೇ ಬಿಟ್ಟಿದ್ದರು. ಒಂದರ ಹಿಂದೆ ಒಂದು ತೂಬಿದ್ದರೆ ಅತಿ ಚಿಕ್ಕದು ಬಿಟ್ಟಷ್ಟೇ ನೀರು.

ಮಾಡ್ಯೂಲ್ ಇಲ್ಲವೆಂಬ ಎಚ್ಚರಿಕೆಗಳಲ್ಲಿ ಎಂಬಿಸ್ಟ್ರಿಂಗ್ ಎಂಬ ಹೆಸರನ್ನು ಕಂಡರೆ ಕನ್ನಡದ ತಾಣ ನಡೆಸುವವರು ಅದನ್ನು ಎಂದಿಗೂ ಕಡೆಗಣಿಸಬಾರದು. ಅಕ್ಷರಗಳನ್ನು ಯಂತ್ರದಲ್ಲಿ ಸಂಕೇತಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಮತ್ತು ಗುಣಿತದ ಚಿಹ್ನೆಗಳೂ ಬೇರೆ ಬೇರೆ ಸಂಕೇತಗಳೇ. ‘ದಾವಣಗೆರೆ’ ನಮ್ಮ ಕಣ್ಣಿಗೆ 5 ಅಕ್ಷರ. ಯಂತ್ರಕ್ಕೆ 8 ಸಂಕೇತ, 24 ಬೈಟ್. ‘ಚಿತ್ರದುರ್ಗ’ 4 ಅಕ್ಷರವಾದರೂ ಒತ್ತಕ್ಷರಗಳ ದೆಸೆಯಿಂದ 30 ಬೈಟ್ ಹಿಡಿಯುತ್ತದೆ. ಬೈಟ್ ಎಣಿಸಿ ಶೀರ್ಷಿಕೆಯನ್ನು ಮೊಟಕುಗೊಳಿಸುವ ಪ್ಲಗಿನ್ (ತಾಣಕ್ಕೆ ಸೇರಿಸಿಕೊಂಡ ಕಿರುತಂತ್ರಾಂಶ) ‘ದಾವಣಗೆರೆ’ಯನ್ನು 10ನೆಯ ಬೈಟಿಗೆ ಕತ್ತರಿಸಿದರೆ ‘ದಾವ’ ಉಳಿದು, ‘ಣ’ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕು, ಅಲ್ಲೊಂದು ಪ್ರಶ್ನಾರ್ಥಕದ ಚೌಕ ಮೂಡುತ್ತದೆ. ಬೈಟಿನ ಬದಲು ಸಂಕೇತವನ್ನು ಎಣಿಸಲು ನೆರವಾಗುವುದು ಈ ಮಾಡ್ಯೂಲ್. ಇಂಗ್ಲಿಷ್ ತಾಣಕ್ಕೆ ಇದರ ಕೊರತೆ ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ನಮಗೆ ನಮ್ಮ ಊರಿನ ಹೆಸರೇ ಒಡೆದು ಕಾಣುತ್ತದೆ.

ಆವೃತ್ತಿಯ ಎಚ್ಚರಿಕೆ ಕಾಲಕ್ಕೆ ಸಂಬಂಧಿಸಿದ್ದು. ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿಗಳು ನಿಂತದ್ದು 2022ರ ನವೆಂಬರ್‌ನಲ್ಲಿ. ಅದಾದ ಮೇಲೆ ಪತ್ತೆಯಾದ ಬಿರುಕುಗಳನ್ನು ಮೂಲ ತಂಡ ಮುಚ್ಚುವುದಿಲ್ಲ. ಹಾಗೆಂದು ಬೆಳಗಾಗುವುದರೊಳಗೆ ಆವೃತ್ತಿ ಬದಲಿಸಿದರೆ ತಾಣದ ರೂಪವನ್ನು ನಿರ್ಧರಿಸುವ ಹಳೆಯ ಥೀಮ್ ಕೈಕೊಡಬಹುದು. ಬ್ಯಾಕಪ್ ತೆಗೆದುಕೊಂಡು, ತಾಣದ ನಕಲೊಂದರಲ್ಲಿ ಪರೀಕ್ಷಿಸಿ ನೋಡಬೇಕು. ಕಡತದ ಅನುಮತಿಯ ವಿಷಯದಲ್ಲಿ, ಎಂದರೆ ಯಾರು ಓದಬಹುದು, ಯಾರು ಬರೆಯಬಹುದು ಎಂದು ಹೇಳುವ ಅಂಕಿಗಳಲ್ಲಿ, ಫೋಲ್ಡರಿಗೆ 755, ಕಡತಕ್ಕೆ 644 ಎಂಬುದು ವಾಡಿಕೆ. 777 ಎಂದಿದ್ದರೆ ಆ ಯಂತ್ರದಲ್ಲಿರುವ ಯಾವ ಬಳಕೆದಾರನಾದರೂ ಅದರಲ್ಲಿ ಬರೆಯಬಹುದು. ಎಚ್ಚರಿಕೆಯ ಸಾಲುಗಳು ಓದುಗರಿಗೆ ಕಾಣುವ ಪುಟದಲ್ಲೇ ಮೂಡುತ್ತಿದ್ದರೆ ಕಡತಗಳು ಯಂತ್ರದಲ್ಲಿ ಎಲ್ಲಿವೆ ಎಂಬುದು ಬಯಲಾಗುತ್ತದೆ. ಅವು ಲಾಗ್‌ನಲ್ಲಿ ಮಾತ್ರ ಇರಬೇಕು.

ವರ್ಡ್‌ಪ್ರೆಸ್‌ನಲ್ಲಿ 2019ರ 5.2ನೆಯ ಆವೃತ್ತಿಯಿಂದ ಇವೆಲ್ಲ ‘ಸೈಟ್ ಹೆಲ್ತ್’ ಪುಟದಲ್ಲಿ, ಡ್ರೂಪಲ್‌ನಲ್ಲಿ ‘ಸ್ಟೇಟಸ್ ರಿಪೋರ್ಟ್’ನಲ್ಲಿ ದೊರೆಯುತ್ತವೆ. ಹೋಸ್ಟಿಂಗ್‌ನವರಿಗೆ ಬರೆಯುವಾಗ ತಾಣ ಸರಿಯಿಲ್ಲ ಎನ್ನದೆ, ಸೆಟ್ಟಿಂಗಿನ ಹೆಸರು, ಈಗಿನ ಅಂಕಿ, ಬೇಕಾದ ಅಂಕಿ ಈ ಮೂರನ್ನೂ ನಮೂದಿಸಿದರೆ ಅವರಿಗೆ ಯಾವುದನ್ನು ತಿದ್ದಬೇಕೆಂಬುದು ಒಂದೇ ಪತ್ರದಲ್ಲಿ ತಿಳಿಯುತ್ತದೆ. ನಮ್ಮ ಫೋಲ್ಡರಿನಲ್ಲಿರುವ, ಪಿಎಚ್‌ಪಿ ಸೆಟ್ಟಿಂಗುಗಳನ್ನು ಬರೆದಿಡುವ ಯೂಸರ್ ಐಎನ್‌ಐ ಕಡತವನ್ನು ನಾವೇ ತಿದ್ದಿದ್ದರೆ, ಪಿಎಚ್‌ಪಿ ಅದನ್ನು ಸಾಮಾನ್ಯವಾಗಿ 300 ಸೆಕೆಂಡಿಗೊಮ್ಮೆ ಮಾತ್ರ ಮತ್ತೆ ಓದುವುದರಿಂದ, ಐದು ನಿಮಿಷ ತಡೆದು ಪುಟವನ್ನು ಮತ್ತೊಮ್ಮೆ ತೆರೆದು ಹೊಸ ಅಂಕಿ ಬಂದಿದೆಯೇ ಎಂದು ನೋಡಬೇಕು.