ವ್ಯಾನು ಬರುವುದಿಲ್ಲ, ಟಿಕೆಟ್ ಬರುತ್ತದೆ

ಪ್ರಶ್ನೆ: ಆನ್‌ಲೈನ್ ಮೂಲಕ ನಡೆಯುವ ಮಾನವ ಕಳ್ಳಸಾಗಣೆಯ ಸುದ್ದಿಗಳನ್ನು ಓದಿ ಸಂಕಟವಾಗುತ್ತದೆ. ನಾನು ಸಾಮಾನ್ಯ ಗೃಹಿಣಿ. ಎಚ್ಚರಿಕೆಯ ವಿಡಿಯೊಗಳನ್ನು ತಪ್ಪದೆ ಎಲ್ಲರಿಗೂ ಕಳುಹಿಸುತ್ತೇನೆ. ಇದಕ್ಕಿಂತ ಹೆಚ್ಚು ಏನು ಮಾಡಬಹುದು?

ಮೊದಲು ಆ ವಿಡಿಯೊಗಳನ್ನು ಕಳುಹಿಸುವುದನ್ನು ನಿಲ್ಲಿಸಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ, ಆದರೂ ಮತ್ತೆ ಹೇಳುತ್ತೇನೆ. ಕಳ್ಳಸಾಗಣೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಪ್ಪು ಗಾಜಿನ ವ್ಯಾನು, ಕೈಯಲ್ಲಿ ಚಾಕೊಲೇಟ್ ಹಿಡಿದ ಅಪರಿಚಿತ. ಈ ಚಿತ್ರ ಜೀವಗಳನ್ನು ತೆಗೆದಿದೆ. 2018ರಲ್ಲಿ ದೇಶದ ತುಂಬ ಹರಿದಾಡಿದ ಮಕ್ಕಳ ಕಳ್ಳರ ವಿಡಿಯೊ ನಿಮಗೂ ಬಂದಿರಬಹುದು. ಅದು ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಕರಾಚಿಯಲ್ಲಿ ಮಾಡಿದ ಕಿರುಚಿತ್ರ. ಬೈಕಿನಲ್ಲಿ ಬಂದವರು ಕೊನೆಗೆ ಮಗುವನ್ನು ಮರಳಿ ತಂದು ಬಿಡುವ ಭಾಗವನ್ನು ಯಾರೋ ಕತ್ತರಿಸಿ ಹಂಚಿದ್ದರು. ಅದೇ ವರ್ಷದ ಜುಲೈಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪನ್ನು ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಕಾರು ಆ ಊರು ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುಟ್ಟಿತ್ತು. ಕಳುಹಿಸಿದವರಿಗೂ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂಬ ನಂಬಿಕೆಯೇ ಇದ್ದಿರಬೇಕು.

ವ್ಯಾನಿನ ಕಡೆ ನೋಡುತ್ತ ನಿಂತವರಿಗೆ ಪಕ್ಕದ ಮನೆಯಿಂದ ಸೂಟ್‌ಕೇಸ್ ಹಿಡಿದು ಹೊರಟ ಹುಡುಗ ಕಾಣುವುದಿಲ್ಲ. ಪದವಿ ಮುಗಿದಿದೆ, ಕೆಲಸವಿಲ್ಲ. ಟೆಲಿಗ್ರಾಂ ಗುಂಪಿನಲ್ಲಿಯೋ ದೂರದ ಪರಿಚಯದವರ ಮೂಲಕವೋ ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸವಿದೆಯೆಂಬ ಸುದ್ದಿ ಬರುತ್ತದೆ. ಮೊಬೈಲಿನಲ್ಲಿಯೇ ಸಂದರ್ಶನ, ಮರುದಿನವೇ ನೇಮಕಾತಿ ಪತ್ರ, ಟಿಕೆಟ್ ಕೂಡ ಅವರದೇ. ತಾಯಿ ದೇವರಿಗೆ ದೀಪ ಹಚ್ಚಿ ಕಳುಹಿಸುತ್ತಾಳೆ, ಗೆಳೆಯರು ವಿಮಾನ ನಿಲ್ದಾಣದವರೆಗೆ ಬಿಟ್ಟು ಬರುತ್ತಾರೆ. ಬ್ಯಾಂಕಾಕ್‌ನಿಂದ ಗಡಿಯ ಮೇ ಸೋಟ್ ಪಟ್ಟಣ, ಅಲ್ಲಿಂದ ಮೊಯಿ ನದಿ ದಾಟಿದರೆ ಮ್ಯಾನ್ಮಾರ್‌ನ ಮ್ಯಾವಡಿ. ಎತ್ತರದ ಗೋಡೆಯೊಳಗೆ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಸುಳ್ಳು ಹೆಸರಿನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಕೂರಿಸುತ್ತಾರೆ. ಒಲ್ಲೆನೆಂದರೆ ಹೊಡೆತ, ಬಿಡಬೇಕೆಂದರೆ ಹಣ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅಂಥ 549 ಭಾರತೀಯರನ್ನು ಮರಳಿ ಕರೆತಂದವು.

ಇಷ್ಟು ಹೇಳಿದ ಮೇಲೂ ‘ಅವನೇ ಒಪ್ಪಿ ಹೋದನಲ್ಲ, ಇದು ಹೇಗೆ ಕಳ್ಳಸಾಗಣೆ?’ ಎಂದು ಕೇಳುವವರಿದ್ದಾರೆ. ಅದೂ ಅದೇ ವ್ಯಾನಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ತೆರೆದು ನೋಡಿ: ಶೋಷಣೆಗಾಗಿ ಮೋಸದಿಂದಲೋ ಆಮಿಷದಿಂದಲೋ ಒಬ್ಬರನ್ನು ಸೇರಿಸಿಕೊಂಡರೂ ಅದು ಕಳ್ಳಸಾಗಣೆಯೇ, ಸಂತ್ರಸ್ತರ ಒಪ್ಪಿಗೆ ಗಣನೆಗೆ ಬರುವುದಿಲ್ಲ. ಠಾಣೆಯಲ್ಲಿ ಯಾರಾದರೂ ‘ತಾನಾಗಿ ಹೋದವನು’ ಎಂದು ದೂರನ್ನು ಪಕ್ಕಕ್ಕಿಟ್ಟರೆ ಈ ಸೆಕ್ಷನ್ನಿನ ಸಂಖ್ಯೆಯನ್ನು ಹೇಳಿ.

ಈಗ ನೀವು ಮಾಡಬಹುದಾದ ಕೆಲಸ. ನಿಮ್ಮ ಬೀದಿಯಲ್ಲಿ ಯಾರಾದರೂ ವಿದೇಶದ ಕೆಲಸಕ್ಕೆ ಹೊರಟಿದ್ದರೆ ಎರಡು ಮಾತು ಕೇಳಿ. ವೀಸಾ ಯಾವುದು? ಪ್ರವಾಸಿಯಾಗಿ ಹೋಗಿ ಆಮೇಲೆ ಕೆಲಸದ ವೀಸಾ ಮಾಡಿಸೋಣ ಎಂದಿದ್ದರೆ ಹೊರಡುವುದೇ ಬೇಡ. ಏಜೆಂಟ್ ಯಾರು? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ನನ್ನ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಇದನ್ನು ಕೇಳಿಸಿಕೊಂಡು ಮನೆಗೆ ಹೋಗಿ ಅಣ್ಣನ ಏಜೆಂಟನ ಹೆಸರನ್ನು ಹುಡುಕಿದಳು. ಪಟ್ಟಿಯಲ್ಲಿ ಅದು ಇರಲಿಲ್ಲ. ಅಣ್ಣ ಎರಡು ದಿನ ಅವಳೊಡನೆ ಮಾತು ಬಿಟ್ಟನಂತೆ, ಆದರೆ ವಿಮಾನ ಹತ್ತಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ನನಗೆ ಸಿಕ್ಕ ದೊಡ್ಡ ಸಂಬಳ ಅದು.

ಎಷ್ಟು ಹೇಳಿದರೂ ಹೊರಟೇ ಹೊರಟರೆ ಪಾಸ್‌ಪೋರ್ಟಿನ ಪ್ರತಿ, ಟಿಕೆಟ್, ಏಜೆಂಟನ ಸಂಖ್ಯೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಮನೆಯಲ್ಲಿರಲಿ. ಮುಂದೆ ರಾಯಭಾರ ಕಚೇರಿಗೆ ಬರೆಯಬೇಕಾಗಿ ಬಂದರೆ ಇವೇ ಆಧಾರ. ಒಂದಕ್ಕೆ ಮಾತ್ರ ಈ ಸಲಹೆ ಅನ್ವಯಿಸದು: ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವೋ ವಿಡಿಯೊವೋ ಕಂಡರೆ ಅದನ್ನು ಉಳಿಸಿಕೊಳ್ಳಬೇಡಿ, ಸಾಕ್ಷಿಗೆಂದು ಯಾರಿಗೂ ಕಳುಹಿಸಲೂ ಬೇಡಿ; ಅದೇ ಅಪರಾಧ. ಕೊಂಡಿಯನ್ನು ಮಾತ್ರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ಹೆಸರು ಹೇಳದೆಯೂ ದಾಖಲಿಸಬಹುದು.

ನೀವು ಕೇಳದ ಮಾತೊಂದಿದೆ, ಆದರೂ ಹೇಳಬೇಕೆನಿಸುತ್ತದೆ. ‘ಹಾಯ್, ಹೇಗಿದ್ದೀರಿ?’ ಎಂದು ಅಪರಿಚಿತ ಹೆಣ್ಣಿನ ಚಿತ್ರವಿರುವ ಸಂಖ್ಯೆಯಿಂದ ಸಂದೇಶ ಬರುತ್ತದೆ. ಸ್ವಲ್ಪ ದಿನದಲ್ಲಿ ಕ್ರಿಪ್ಟೊ ಹೂಡಿಕೆಯ ಮಾತು ಶುರುವಾಗುತ್ತದೆ. ಆ ಬೆರಳುಗಳು ಮ್ಯಾವಡಿಯ ಗೋಡೆಯೊಳಗಿನ ಯಾವನೋ ಹುಡುಗನವಿರಬಹುದು. ಬೈದರೆ ಅವನಿಗೆ ಏನೂ ಒಳ್ಳೆಯದಾಗುವುದಿಲ್ಲ, ಮಾತು ಬೆಳೆಸಿದರೆ ನಿಮಗೂ ಆಗುವುದಿಲ್ಲ. ಉತ್ತರಿಸದೆ ಸಂಖ್ಯೆ ಮತ್ತು ಕೊಂಡಿಗಳನ್ನು ಅದೇ ಪೋರ್ಟಲ್‌ನಲ್ಲಿ ದಾಖಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂದೇಶ ಅಚ್ಚ ಕನ್ನಡದಲ್ಲಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಆ ಗೋಡೆಯ ಒಳಗೆ ನಮ್ಮ ಕಡೆಯ ಹುಡುಗರು ಇರಬಹುದು ಎಂಬುದಕ್ಕೆ ಅದೂ ಒಂದು ಸುಳಿವು.