ಬಾಗಿಲು ಎರಡಾದರೂ ಇರಲಿ

ಬ್ಯಾಟಲ್ ಮ್ಯಾಪ್, ಅಂದರೆ ಮೇಜಿನ ಆಟದಲ್ಲಿ ಕಾಳಗ ನಡೆಯುವ ಜಾಗದ ಚೌಕ ಹಾಕಿದ ನಕ್ಷೆ, ಬರೆಸಲು ಬರುವವರು ಮೊದಲು ಹೇಳುವುದು ಚಿತ್ರ ಹೇಗಿರಬೇಕು ಅಂತ. ಪಾಳುಬಿದ್ದ ಗುಡಿ, ಮೇಲೆ ಬಳ್ಳಿ, ಬೆಳದಿಂಗಳು. ನಾನು ತಿರುಗಿ ಕೇಳುವುದು ಬೇರೆ. ಎಷ್ಟು ಜನ ಆಡುತ್ತೀರಿ? ಶತ್ರುಗಳು ಎಷ್ಟು? ಎಲ್ಲಿಂದ ಬರುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ಬಣ್ಣ ಮುಟ್ಟುವುದಿಲ್ಲ.

ಈ ಮ್ಯಾಪ್‌ಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆಯೊಳಗೆ ಆಡುವ ಈ ಆಟ 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಜೋಡಿಸಿ ಆಡುವ ಯುದ್ಧದಾಟ ಅದರ ಬೇರು. ಹಾಗಾಗಿ ಇವತ್ತಿಗೂ ಲೆಕ್ಕವೆಲ್ಲ ಇಂಚಿನಲ್ಲೇ. ಒಂದಿಂಚಿನ ಚೌಕ ಅಂದರೆ ಆಟದ ಲೋಕದಲ್ಲಿ 5 ಅಡಿ. ಒಬ್ಬ ಮನುಷ್ಯನಿಗೆ ಒಂದು ಚೌಕ. ಸಾಮಾನ್ಯ ಯೋಧ ಒಂದು ಸರದಿಯಲ್ಲಿ 30 ಅಡಿ, ಅಂದರೆ ಆರು ಚೌಕ ನಡೆಯುತ್ತಾನೆ. ಚೌಕಾಬಾರ ಆಡಿ ಬೆಳೆದ ನಮಗೆ ಮನೆ ಎಣಿಸುವುದು ಹೊಸದಲ್ಲ ಅಲ್ವಾ? ಆದರೆ ಇಲ್ಲಿ ಪ್ರತಿ ಕಾಳಗಕ್ಕೂ ಮನೆಗಳನ್ನು ಹೊಸದಾಗಿ ಹಾಕಬೇಕು.

ಶುರುವಿನಲ್ಲಿ ನಾನು ನಿಜವಾದ ಕಟ್ಟಡದ ಅಳತೆ ಹಿಡಿದು ಬರೆಯುತ್ತಿದ್ದೆ. ಒಮ್ಮೆ ಒಂದು ಹೆಂಡದಂಗಡಿ ಬರೆದೆ. ಇಪ್ಪತ್ತಕ್ಕೆ ಇಪ್ಪತ್ತು ಅಡಿ, ನಮ್ಮ ಮನೆಗಳ ಲೆಕ್ಕದಲ್ಲಿ ದೊಡ್ಡ ಹಾಲ್. ಮ್ಯಾಪ್ ಮೇಲೆ ಅದು ಹದಿನಾರೇ ಚೌಕ. ಎರಡು ಮೇಜು, ಒಂದು ಒಲೆ ಇಟ್ಟ ಮೇಲೆ ಉಳಿದದ್ದು ಹತ್ತು. ಆಟಗಾರರ ಪಾತ್ರಗಳಾದ ನಾಲ್ಕು ನಾಯಕರು, ಐದು ದರೋಡೆಕೋರರು ಒಳಗೆ ಬಂದರು. ಖಾಲಿ ಇದ್ದದ್ದು ಒಂದು ಚೌಕ! ಆ ರಾತ್ರಿ ಯಾರೂ ನಿಂತ ಜಾಗದಿಂದ ಕದಲಲಿಲ್ಲ. ಸುಮ್ನೆ ಸರದಿಯ ಮೇಲೆ ಡೈಸ್ ಉರುಳಿಸುತ್ತಾ ಕೂತರು. ಚಿತ್ರ ಚೆನ್ನಾಗಿತ್ತು, ಆಟ ಸತ್ತಿತ್ತು. ಅವತ್ತಿನಿಂದ ಕಟ್ಟಡಗಳನ್ನು ಎರಡು ಪಟ್ಟು ಹಿಗ್ಗಿಸುತ್ತೇನೆ. ನನ್ನ ಓಣಿಗಳು ಎರಡು ಚೌಕಕ್ಕಿಂತ ಕಿರಿದಾಗುವುದು ಅಪರೂಪ.

ಇಕ್ಕಟ್ಟಿನ ದಾರಿ ಬೇಡವೇ ಬೇಡ ಅಂತಲ್ಲ. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬೊಬ್ಬರೇ ನುಸುಳಬೇಕಾದ ಜಾಗ ಎಷ್ಟು ರೋಮಾಂಚನ ತರುತ್ತದೆ ಅಂತ. ಆದರೆ ಅಲ್ಲಿ ಒನಕೆ ಹಿಡಿದವಳು ಒಬ್ಬಳೇ. ಮೇಜಿನ ಸುತ್ತ ಐದು ಜನ ಕೂತಾಗ ಒಬ್ಬರು ಕಿಂಡಿ ಕಾಯುತ್ತಾರೆ, ಉಳಿದ ನಾಲ್ವರು ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಕಿಂಡಿ ಬರೆದರೆ ಜೊತೆಗೆ ಇನ್ನೊಂದು ದಾರಿಯನ್ನೂ ಬರೆಯುತ್ತೇನೆ. ಹಿಂಬಾಗಿಲು, ಬಿದ್ದ ಗೋಡೆ, ಮಾಡಿನ ತೂತು, ಏನಾದರೂ ಸರಿ. ಆಗ ಒಬ್ಬ ಮುಂದೆ ತಡೆಯುತ್ತಾನೆ, ಇನ್ನೊಬ್ಬಳು ಸುತ್ತಿ ಬರುತ್ತಾಳೆ.

ಸಾಮಾನುಗಳನ್ನೂ ಅಲಂಕಾರಕ್ಕೆ ಅಂತ ಇಡುವುದಿಲ್ಲ. ಅಡ್ಡಗೋಡೆಯ ಹಿಂದೆ ಅರ್ಧ ಮರೆಯಾದವನ ರಕ್ಷಣೆಗೆ ಈಗಿನ ನಿಯಮದಲ್ಲಿ ಎರಡು ಅಂಕ ಜಾಸ್ತಿ. ಕೆಸರಲ್ಲಿ, ಕಲ್ಲುರಾಶಿಯಲ್ಲಿ ನಡೆದರೆ ಒಂದು ಚೌಕಕ್ಕೆ ಎರಡು ಚೌಕದ ಖರ್ಚು. ಫೈರ್‌ಬಾಲ್ ಮಂತ್ರ ಎಂಟು ಚೌಕದಷ್ಟು ಅಗಲಕ್ಕೆ ಹಬ್ಬುತ್ತದೆ. ಹಾಲ್ ಅಷ್ಟೇ ಅಗಲ ಇದ್ದರೆ ಮೂಲೆ ಹಿಡಿದವರು ಮಾತ್ರ ಬಚಾವ್. ನಡುವೆ ನಾಲ್ಕು ದಪ್ಪ ಕಂಬ ನಿಲ್ಲಿಸಿ ನೋಡಿ, ಎಲ್ಲರೂ ಕಂಬದಿಂದ ಕಂಬಕ್ಕೆ ಓಡತೊಡಗುತ್ತಾರೆ.

ಬಣ್ಣದ ವಿಷಯ ಚಿಕ್ಕದು. ನೆಲ ಮಂಕಾಗಿರಲಿ, ಟೋಕನ್, ಅಂದರೆ ಪಾತ್ರ ನಿಂತ ಜಾಗ ತೋರಿಸುವ ಬಿಲ್ಲೆ, ಎದ್ದು ಕಾಣಲಿ. ನೆಲದ ಒಂದೊಂದು ಹಾಸುಗಲ್ಲಿಗೂ ನೆರಳು ಕೊಟ್ಟರೆ ಟೋಕನ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಗೋಡೆ ಗ್ರಿಡ್ ಗೆರೆಯ ಮೇಲೇ ಬರಲಿ. ಚೌಕದ ನಡುವೆ ಗೋಡೆ ಹಾದುಹೋದರೆ ಅಲ್ಲಿ ನಿಲ್ಲಬಹುದೋ ಇಲ್ಲವೋ ಅಂತ ಜಗಳ ಖಂಡಿತ.

ಪ್ರಿಂಟ್ ತೆಗೆಸುವವರು ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಬೇಡ, ನೂರಕ್ಕೆ ನೂರು ಅಳತೆಯಲ್ಲೇ ಬೇಕು ಅಂತ ಹೇಳಬೇಕು. ಇಲ್ಲದಿದ್ದರೆ ಚೌಕ ಕುಗ್ಗಿ ಗೊಂಬೆ ಕೂರುವುದಿಲ್ಲ. ಒಂದು ಎ4 ಹಾಳೆಗೆ ಎಂಟು ಚೌಕ ಅಗಲ, ಹನ್ನೊಂದು ಚೌಕ ಉದ್ದ ಹಿಡಿಸುತ್ತದೆ.

ಕಳಿಸುವ ಮೊದಲು ಪೆನ್ಸಿಲ್ ನಕ್ಷೆಯ ಮೇಲೆ ನಾನೇ ಆಡಿ ನೋಡುತ್ತೇನೆ. ನಾಯಕರಿಗೆ ನಾಣ್ಯ, ಶತ್ರುಗಳಿಗೆ ಹುಣಸೆ ಬೀಜ. ಮೂರು ಸುತ್ತು ಆಡುತ್ತೇನೆ. ಯಾವ ನಾಣ್ಯವಾದರೂ ಶುರುವಿನ ಚೌಕದಲ್ಲೇ ಉಳಿದಿದ್ದರೆ, ಅದರ ಹತ್ತಿರದ ಗೋಡೆಯನ್ನು ಅಳಿಸಿ ಒಂದು ಬಾಗಿಲು ಬರೆಯುತ್ತೇನೆ.