ಫಾರ್ಮ್ಯಾಟ್ ಮಾಡಿಸುವ ಮೊದಲು ಫಾಂಟ್ ಫೋಲ್ಡರ್ ನೋಡಿ

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಮಾತು: ಇದಕ್ಕೆ ಏನು ಹಾಕೋಣ? ಹನ್ನೊಂದೋ, ಲಿನಕ್ಸೋ, ಇರುವುದನ್ನೇ ಅಳಿಸಿ ಮತ್ತೆ ಹಾಕಿದರೆ ಸಾಕೋ? ಕೇಳಬೇಕಾದದ್ದೇ, ಆದರೆ ಅದು ಮೂರನೆಯ ಪ್ರಶ್ನೆ. ಡಿಸ್ಕ್ ಹೇಗಿದೆ ಎಂಬುದು ಮೊದಲನೆಯದು. ಆ ಕಂಪ್ಯೂಟರಿನಲ್ಲಿ ಮನೆಯವರು ಮಾಡುವ ಕೆಲಸ ಯಾವುದು ಎಂಬುದು ಎರಡನೆಯದು. ಇವೆರಡು ಗೊತ್ತಾದರೆ ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಯಾವುದೆಂದು ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

2013ರ ಸುಮಾರಿಗೆ ಕೊಂಡ ಒಂದು ಡೆಸ್ಕ್‌ಟಾಪ್ ಎಂದಿಟ್ಟುಕೊಳ್ಳೋಣ. ಮೂರನೇ ತಲೆಮಾರಿನ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಬ್ರೌಸರ್ ತೆರೆದಿರುವುದಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು 10–15 ಶೇಕಡಾ, ಡಿಸ್ಕ್ ಮಾತ್ರ 100. ಪ್ರೊಸೆಸರ್ ಸುಮ್ಮನೆ ಕೂತಿದೆ, ಡಿಸ್ಕ್ ಏದುಸಿರು ಬಿಡುತ್ತಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಓದುವ ಮುಳ್ಳು ಜಾಗಕ್ಕೆ ಹೋಗಿ ನಿಲ್ಲುವ ಹೊತ್ತನ್ನೂ ಸೇರಿಸಿದರೆ ಚದುರಿದ ಚಿಕ್ಕ ಕಡತಗಳನ್ನು ಸೆಕೆಂಡಿಗೆ ನೂರರೊಳಗೆ ಓದಬಲ್ಲದು, ಅಷ್ಟೇ. ವಿಂಡೋಸ್ 10 ಎದ್ದ ಕೂಡಲೇ ಅಪ್‌ಡೇಟ್, ಡಿಫೆಂಡರ್, ಸರ್ಚ್ ಇಂಡೆಕ್ಸ್ ಮೂರೂ ಒಟ್ಟಿಗೆ ಅಂಥ ಸಾವಿರಾರು ಕಡತ ಕೇಳುತ್ತವೆ. ಹಾರ್ಡ್‌ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್‌ಗಳಲ್ಲಿಡುವ ಸಾಟಾ ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ, ಹಾಗಾಗಿ ಅದು ಸೆಕೆಂಡಿಗೆ ಸಾವಿರಗಟ್ಟಲೆ ಓದುತ್ತದೆ. 240 ಅಥವಾ 256 ಜಿಬಿಯ 2.5 ಇಂಚಿನ ಎಸ್‌ಎಸ್‌ಡಿ ಹಾಕದೆ ಬರೀ ಓಎಸ್ ಬದಲಿಸಿದರೆ ಒಂದೆರಡು ವಾರ ಹಗುರ ಅನ್ನಿಸಬಹುದು, ಆಮೇಲೆ ಮತ್ತೆ ಅದೇ ಕಥೆ.

ಡೆಸ್ಕ್‌ಟಾಪ್ ಆದರೆ ಎಸ್‌ಎಸ್‌ಡಿಯ ಜೊತೆಗೆ ಒಂದು ಸಾಟಾ ಡೇಟಾ ಕೇಬಲ್ಲೂ ತನ್ನಿ. ಎಸ್‌ಎಸ್‌ಡಿ ಡಬ್ಬದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಅದೇ ಜಾಗದಲ್ಲಿ ಕೂರುವ ಚೌಕಟ್ಟು (ಕ್ಯಾಡಿ) ಹಾಕಿ, ಹಳೆಯ ಹಾರ್ಡ್‌ಡಿಸ್ಕನ್ನು ಅಲ್ಲಿಗೆ ಸಾಗಿಸಬಹುದು. ಕ್ಯಾಡಿ 9.5 ಮಿಮೀ, 12.7 ಮಿಮೀ ಎಂಬ ಎರಡು ದಪ್ಪದಲ್ಲಿ ಸಿಗುವುದರಿಂದ ಅಳೆದೇ ತರಬೇಕು. ರ‍್ಯಾಮ್ 8 ಜಿಬಿಗೆ ಏರಿಸುವುದಾದರೆ ಹಳೆಯ ಕಡ್ಡಿಯ ಮೇಲಿನ ಚೀಟಿ ಓದಿ. ನಾಲ್ಕನೇ ಮತ್ತು ಅದರ ನಂತರದ ತಲೆಮಾರಿನ ಡಿಡಿಆರ್3 ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಕಡ್ಡಿಯೇ ಆಗಬೇಕು. ಅದರ ಮೇಲೆ ‘ಪಿಸಿ3ಎಲ್’ ಎಂದಿರುತ್ತದೆ. 1.5 ವೋಲ್ಟಿನದನ್ನು ಸಿಕ್ಕಿಸಿದರೆ ಕೂರುವುದೇನೋ ಕೂರುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ.

ಹಳೆಯ ಹಾರ್ಡ್‌ಡಿಸ್ಕನ್ನೇ ಉಳಿಸಿಕೊಳ್ಳುವುದಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲು ನೋಡಿ. 05 ಎಂದರೆ ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ತುಣುಕುಗಳು). ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ5ರ ಎದುರು ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಫಾರ್ಮ್ಯಾಟ್ ವಿಚಾರ ಬಿಡಿ, ಮೊದಲು ಫೋಟೊ, ದಾಖಲೆಗಳನ್ನು ಹೊರಗೆ ತೆಗೆಯಿರಿ. ಕ್ವಿಕ್ ಫಾರ್ಮ್ಯಾಟ್ ಡಿಸ್ಕಿನ ಮೇಲ್ಮೈಯನ್ನು ಪರೀಕ್ಷಿಸುವುದೇ ಇಲ್ಲ. ಹೊಸ ವಿಂಡೋಸ್ ಅದೇ ಕೆಟ್ಟ ಜಾಗದ ಮೇಲೆ ಹೋಗಿ ಕೂರುತ್ತದೆ, ಕೆಲವೇ ದಿನಗಳಲ್ಲಿ ನೀಲಿ ಪರದೆ ಬರುತ್ತದೆ. ‘ಮೂರು ಸಲ ಫಾರ್ಮ್ಯಾಟ್ ಮಾಡಿಸಿದರೂ ಹಾಗೇ ಇದೆ’ ಎನ್ನುವ ಕಂಪ್ಯೂಟರಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಫಾರ್ಮ್ಯಾಟ್ ಅಗತ್ಯವೇ ಇಲ್ಲದ ಇನ್ನೊಂದು ಸಂದರ್ಭ ಇದೆ. ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಸಿಆರ್2032 ಬ್ಯಾಟರಿ ಸತ್ತರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣಗಳು ಸರ್ಟಿಫಿಕೇಟ್ ದೋಷ ತೋರಿಸುತ್ತವೆ. ಅಷ್ಟೇ ಅಲ್ಲ, ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಮದರ್‌ಬೋರ್ಡಿನ ತಂತ್ರಾಂಶ) ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಡಿಸ್ಕನ್ನು ಯಾವ ರೀತಿ ಓದಬೇಕೆಂದು ಅದರಲ್ಲಿ ಹೇಳುವ ಸಾಟಾ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಜಾರಿದರೆ ವಿಂಡೋಸ್ ಎದ್ದೇಳುವುದೇ ಇಲ್ಲ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಲ್ಲುತ್ತದೆ. ಬ್ಯಾಟರಿ ಬದಲಿಸಿ ಮೋಡನ್ನು ಹಿಂದಿನಂತೆ ಇಟ್ಟರೆ ಐದು ನಿಮಿಷದ ಕೆಲಸ. ಇದಕ್ಕೆ ಇಡೀ ಡಿಸ್ಕ್ ಅಳಿಸಿಸಿಕೊಂಡವರ ನಷ್ಟ ನೋಡಿದರೆ ಸಂಕಟವಾಗುತ್ತದೆ.

ಇನ್ನು ಮನೆಯ ಕೆಲಸದ ವಿಚಾರ. ಕನ್ನಡದವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ.

ನುಡಿ, ಬರಹ ತಂತ್ರಾಂಶಗಳಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಟೈಪ್ ಮಾಡಿದ ಕಡತಗಳು ಬಹುಪಾಲು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ) ಇಲ್ಲ. ನೋಡಲು ಕನ್ನಡ, ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ‘ಕನ್ನಡ’ ಎಂಬ ಪದದ ‘ನ’ ಆ ಕಡತದಲ್ಲಿ ಪೌಂಡ್ ಹಣದ ಗುರುತಾಗಿ ಕೂತಿರುತ್ತದೆ. ಅದಕ್ಕೆ ಕನ್ನಡದ ರೂಪ ಕೊಡುವುದು ‘ನುಡಿ 01 ಇ’, ‘ಬಿಆರ್‌ಎಚ್ ಕನ್ನಡ’ದಂಥ ಫಾಂಟ್ ಮಾತ್ರ. ಈ ಫಾಂಟ್‌ಗಳು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೊ ಎಲ್ಲವನ್ನೂ ಬ್ಯಾಕಪ್ ಮಾಡಿದವರೂ ಇದನ್ನು ಬಿಟ್ಟಿರುತ್ತಾರೆ. ಫಾರ್ಮ್ಯಾಟ್ ಆದ ಮೇಲೆ ಅಜ್ಜನ ವಂಶಾವಳಿ, ಸಂಘದ ನಡಾವಳಿ, ಅರ್ಧ ಬರೆದ ಕಾದಂಬರಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಡತ ಕೆಟ್ಟಿಲ್ಲ, ಅದಕ್ಕೆ ಬೇಕಾದ ಫಾಂಟ್ ಇಲ್ಲ. ಆದ್ದರಿಂದ ನುಡಿ, ಬಿಆರ್‌ಎಚ್, ಶ್ರೀಲಿಪಿಗೆ ಸೇರಿದ ಟಿಟಿಎಫ್ (ಫಾಂಟ್) ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ಲಿನಕ್ಸಿಗೆ ಹೋದರೂ ಅವನ್ನು ಅಲ್ಲಿ ಅಳವಡಿಸಿದರೆ ಲಿಬ್ರೆಆಫೀಸ್‌ನಲ್ಲಿ ಹಳೆಯ ಕಡತ ಓದಬಹುದು.

ಓದಲು ಬಂದ ಕೂಡಲೇ ಯೂನಿಕೋಡ್‌ಗೆ ಪರಿವರ್ತಿಸಿಡಿ ಎಂಬುದು ನಮ್ಮ ಒತ್ತಾಯ. ಆದರೆ ಇಡೀ ಕಡತವನ್ನು ಒಮ್ಮೆಗೇ ಪರಿವರ್ತಕಕ್ಕೆ ಹಾಕಬೇಡಿ. ಮಧ್ಯದಲ್ಲಿ ಬಂದ ಇಂಗ್ಲಿಷ್ ಹೆಸರು, ವಿಳಾಸಗಳಿಗೂ ಅವೇ ಸಂಕೇತಗಳಿರುವುದರಿಂದ ಅವೂ ಕನ್ನಡದ ಗೊಂದಲವಾಗುತ್ತವೆ. ಕನ್ನಡದ ಭಾಗವನ್ನಷ್ಟೇ ಆರಿಸಿ ಹಾಕಿ, ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಮೂಲ ಕಡತವನ್ನೂ ಹಾಗೇ ಉಳಿಸಿಕೊಳ್ಳಿ.

ಹೊಸದಾಗಿ ಟೈಪ್ ಮಾಡುವುದಕ್ಕೆ ಲಿನಕ್ಸ್‌ನಲ್ಲಿ ತೊಡಕಿಲ್ಲ. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಎಂ17ಎನ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಎಂಬುದನ್ನು ಆರಿಸಿದರೆ ನುಡಿಯ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಪೇಜ್‌ಮೇಕರಿನಲ್ಲಿ ಹಳೆಯ ಫಾಂಟ್ ಬಳಸಿ ಲಗ್ನಪತ್ರಿಕೆ, ಕರಪತ್ರ ಮಾಡುವವರ ಮಾತು ಬೇರೆ, ಅವರು ವಿಂಡೋಸ್ ಬಿಡುವ ಹಾಗಿಲ್ಲ. ಟ್ಯಾಲಿ ಇರುವ ಮನೆಯೂ ಅಷ್ಟೇ. ಜಿಎಸ್‌ಟಿಗೆ ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ ಚುಚ್ಚುವವರಿಗೂ ಲಿನಕ್ಸ್ ಹೇಳಲು ಧೈರ್ಯ ಬರುವುದಿಲ್ಲ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ2900 ಆಗಿದ್ದರೆ ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ಹರಸಾಹಸ. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಎಚ್‌ಪಿಲಿಪ್ ಎಂಬ ಪ್ರಿಂಟರ್ ತಂತ್ರಾಂಶದ ಜೊತೆಗೆ ಅದರ ಪ್ಲಗಿನ್ ಇಳಿಸಿಕೊಂಡರೆ ಓಡುತ್ತದೆ.

ಈಗ ಆಯ್ಕೆ. ನಮ್ಮ ಉದಾಹರಣೆಯ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅದಕ್ಕೆ ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಇಡುವ ವ್ಯವಸ್ಥೆ), ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಮೇಲಿನದು, ರೈಜನ್ ಆದರೆ ಹೆಚ್ಚುಕಡಿಮೆ 2000 ಸರಣಿಯಿಂದ ಈಚಿನದು ಬೇಕು. ಎಂಟನೇ ತಲೆಮಾರಿನ ಯಂತ್ರವೂ ‘ಆಗುವುದಿಲ್ಲ’ ಎಂದರೆ ಹೊಸದು ಕೊಳ್ಳಲು ಓಡಬೇಡಿ. ಬಯೋಸ್‌ನಲ್ಲಿ ಟಿಪಿಎಂ, ಅಂದರೆ ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಆಫ್ ಆಗಿರಬಹುದು, ಆನ್ ಮಾಡಿದರೆ ಸರಿಹೋಗುತ್ತದೆ. ರೂಫಸ್ ಎಂಬ ಉಚಿತ ತಂತ್ರಾಂಶ ಬಳಸಿ ಈ ತಪಾಸಣೆಯನ್ನೇ ದಾಟಿಸುವ ದಾರಿಯೂ ಇದೆ. ಮನೆಯ ಏಕೈಕ ಕಂಪ್ಯೂಟರಿಗೆ ಅದನ್ನು ನಾವು ಹೇಳುವುದಿಲ್ಲ, ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆಂಬ ಖಾತ್ರಿ ಇಲ್ಲ. ಕೋರ್ 2 ಡ್ಯುಓಗೆ ಆ ದಾರಿಯೂ ಮುಚ್ಚಿದೆ: ವಿಂಡೋಸ್ 11ರ 24ಎಚ್2 ಆವೃತ್ತಿ ಕೇಳುವ ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಸೂಚನೆ ಆ ಚಿಪ್ಪಿನಲ್ಲೇ ಇಲ್ಲ.

ವಿಂಡೋಸ್ ಬಿಡಲಾಗದವರಿಗೆ 10ರ 22ಎಚ್2 ಆವೃತ್ತಿ ಮತ್ತು ಇಎಸ್‌ಯು (ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ) ನೋಂದಣಿ ಇದೆ. ಮನೆ ಬಳಕೆಯವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಬ್ರೌಸರ್, ವಿಡಿಯೊ, ಪತ್ರ ಬರೆಯುವುದು, ಮಕ್ಕಳ ಪಾಠ ಇಷ್ಟೇ ಕೆಲಸವಾದರೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಸರಣಿಯ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಭದ್ರತಾ ಅಪ್‌ಡೇಟ್ 2029ರವರೆಗೆ ಬರುತ್ತದೆ. ಹಗುರ ಓಎಸ್ ಹಾಕಿದರೂ ಬ್ರೌಸರ್ ಹಗುರಾಗುವುದಿಲ್ಲ ಎಂಬುದು ನೆನಪಿರಲಿ. 4 ಜಿಬಿಯಲ್ಲಿ ಹತ್ತು ಟ್ಯಾಬ್ ತೆರೆದರೆ ಯಾವ ಓಎಸ್ ಆದರೂ ಮುಗ್ಗರಿಸುತ್ತದೆ.

ಹಾಕುವಾಗಿನ ತಪ್ಪುಗಳಲ್ಲಿ ದೊಡ್ಡದು, ಹಳೆಯ ಹಾರ್ಡ್‌ಡಿಸ್ಕನ್ನು ಜೋಡಿಸಿಟ್ಟೇ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವುದು. ಎಷ್ಟೋ ಸಲ ವಿಂಡೋಸ್ ಎಸ್‌ಎಸ್‌ಡಿಗೆ, ಬೂಟ್ ಪಾರ್ಟಿಶನ್ ಹಳೆಯ ಡಿಸ್ಕಿಗೆ ಹೋಗುತ್ತದೆ. ಮುಂದೊಂದು ದಿನ ಹಳೆಯದನ್ನು ತೆಗೆದರೆ ಹೊಸದೂ ಏಳುವುದಿಲ್ಲ. ಹಳೆಯದರ ಕೇಬಲ್ ಕಿತ್ತಿಟ್ಟೇ ಶುರುಮಾಡಿ. ವಿಂಡೋಸ್ 10 ಒಮ್ಮೆ ಆಕ್ಟಿವೇಟ್ ಆಗಿದ್ದ ಮದರ್‌ಬೋರ್ಡಿಗೆ ಕೀ ಮತ್ತೆ ಬೇಕಿಲ್ಲ. ‘ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ’ ಎಂದು ಒತ್ತಿ ಮುಂದುವರಿಯಿರಿ, ಆದರೆ ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ನಮ್ಮಲ್ಲಿ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅಲ್ಲಿ ಪ್ರೊ ಹಾಕಿದರೆ ಆ ಲೈಸೆನ್ಸ್ ಹೊಂದುವುದಿಲ್ಲ. ಕ್ರ್ಯಾಕ್ ಮಾಡಿದ ಪ್ರೊ ಹಾಕಿಕೊಡುತ್ತೇವೆ ಎಂದರೆ ಬೇಡ ಎನ್ನಿ. ನೆಟ್‌ಬ್ಯಾಂಕಿಂಗ್ ಮಾಡುವ ಯಂತ್ರದಲ್ಲಿ ಯಾರದೋ ಆಕ್ಟಿವೇಟರ್ ಇರಬಾರದು.

ಮಿಂಟ್‌ಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಪಟ್ಟಿ ಬರುತ್ತದೆ. ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸದ್ದು, ಕ್ಯಾಮೆರಾ, ಪ್ರಿಂಟರ್ ನೋಡಿ. ಬ್ರಾಡ್‌ಕಾಮ್ ವೈಫೈ ಇರುವ ಲ್ಯಾಪ್‌ಟಾಪ್ ನೆಟ್‌ವರ್ಕ್ ತೋರಿಸದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿ, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆಯಿರಿ. ವಿಂಡೋಸನ್ನೂ ಉಳಿಸಿಕೊಂಡು ಎರಡನ್ನೂ ಇಡುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಅದರ ಡ್ರೈವುಗಳಿಗೆ ಲಿನಕ್ಸ್‌ನಿಂದ ಬರೆಯಲಾಗದು. ಆಮೇಲೆ ವಿಂಡೋಸ್ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ವೇಳೆಗೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ವೇಳೆ ಎಂದು ಓದುತ್ತದೆ. ಲಿನಕ್ಸ್‌ನಲ್ಲಿ ಸ್ಥಳೀಯ ವೇಳೆಯನ್ನೇ ಇಡುವಂತೆ ಬದಲಿಸಿದರೆ ಮುಗಿಯಿತು.

ಎಲ್ಲ ಆದ ಮೇಲೂ ಹಳೆಯ ಹಾರ್ಡ್‌ಡಿಸ್ಕನ್ನು ಕೂಡಲೇ ಅಳಿಸಬೇಡಿ. ತೆಗೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಎರಡು ತಿಂಗಳು ಬೀರುವಿನಲ್ಲಿಡಿ. ಬ್ರೌಸರಿನ ಬುಕ್‌ಮಾರ್ಕ್, ಔಟ್‌ಲುಕ್‌ನ ಪಿಎಸ್‌ಟಿ ಕಡತ, ಟ್ಯಾಲಿಯ ಡೇಟಾ ಫೋಲ್ಡರ್ ಬಿಟ್ಟುಹೋಗಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಆ ಅವಧಿಯಲ್ಲೇ.